ಎಡಗಡೆ ಮೋಟರು

ಮುನಿವೆಂಕಟಪ್ಪನ ಗಾಡಿ ಹದಿನೇಳು ವರ್ಷದಲ್ಲಿ ಒಂದು ಸಲವೂ ಕೆಟ್ಟಿರಲಿಲ್ಲ. ಹಾಗಂತ ಮುನಿವೆಂಕಟಪ್ಪ ಹೇಳುತ್ತಿದ್ದ. ಕ್ಲಚ್ ಪ್ಲೇಟು ಸುಟ್ಟಾಗ "ಸರ್ವೀಸಿಗೆ ಬಿಟ್ಟಿದೀನಿ" ಅಂದಿದ್ದ. ಚಿಂತಾಮಣಿ ರಸ್ತೆಯಲ್ಲಿ ರೇಡಿಯೇಟರ್ ಒಡೆದು ಹಬೆ ಬಿಟ್ಟುಕೊಂಡು ನಿಂತಾಗ, ಹುಣಸೆಮರದ ಕೆಳಗೆ ಟವೆಲ್ ಹಾಸಿ ಕೂತು, ಕೇಳಿದವರಿಗೆಲ್ಲ "ಒಂದು ಗಳಿಗೆ ನೆರಳಲ್ಲಿ ಕೂರಣ ಅನ್ನಿಸ್ತು ಕಣಪ್ಪ" ಅಂದಿದ್ದ. ಮೂರು ವರ್ಷದ ಹಿಂದೆ ಎಸಿ ನಿಂತುಹೋದದ್ದನ್ನಂತೂ ಯಾರಿಗೂ ಹೇಳುವ ಅಗತ್ಯವೇ ಬೀಳಲಿಲ್ಲ. ಎಸಿ ಕಣ್ಣಿಗೆ ಕಾಣುವ ವಸ್ತುವಲ್ಲ.

ಗ್ಲಾಸು ಕಾಣುತ್ತದೆ. ತೊಂದರೆ ಶುರುವಾದದ್ದೇ ಅಲ್ಲಿ.

ರೇಷ್ಮೆಗೂಡು ಕೈತುಂಬ ಆದ ಒಂದು ವರ್ಷ ಕೊಂಡ ಗಾಡಿ ಅದು. ಗುಂಡಿ ಒತ್ತಿದರೆ ಮುಂದಿನ ಎರಡು ಬಾಗಿಲ ಗ್ಲಾಸು ತಾನೇ ಇಳಿಯುವ, ತಾನೇ ಏರುವ ಗಾಡಿ ಕೆಂಚಾರ್ಲಹಳ್ಳಿಯ ಸುತ್ತಮುತ್ತ ಅದೇ ಮೊದಲು. ಬಂದ ದಿನ ಜನ ಬಂದು ಒತ್ತಿ ನೋಡಿದರು. ಒತ್ತಲು ಬಂದವರಿಗೆ ಮುನಿವೆಂಕಟಪ್ಪ ಕೈ ತೊಳೆದುಕೊಂಡು ಬರಲು ಹೇಳಿದ್ದ ಎಂಬುದು ಈಗಲೂ ಊರಲ್ಲಿ ನೆನಪಿದೆ. ಹಿಂದಿನ ಎರಡು ಬಾಗಿಲಿಗೆ ಮಾತ್ರ ಕೈಯಲ್ಲಿ ತಿರುಗಿಸುವ ಹಿಡಿ. ಅದನ್ನು ಅವನು ಗಾಡಿಯ ಭಾಗವೆಂದೇ ಎಣಿಸುತ್ತಿರಲಿಲ್ಲ.

ಆ ಕಡೆ ಒಂದು ಪದ್ಧತಿ ಇದೆ. ಗಾಡಿಯಲ್ಲಿ ಹೋಗುವವನು ಊರೊಳಗೆ ಬಂದಾಗ ವೇಗ ತಗ್ಗಿಸಬೇಕು, ಗ್ಲಾಸು ಇಳಿಸಬೇಕು, ದಾರಿಬದಿ ಕೂತವರನ್ನು ಮಾತಾಡಿಸಿಯೇ ಮುಂದೆ ಹೋಗಬೇಕು. ಮಾತು ದೊಡ್ಡದೇನಲ್ಲ. "ಊಟ ಆಯ್ತಾ?" ಅಂದರೆ ಸಾಕು. ಉತ್ತರ ಬರುವಷ್ಟರಲ್ಲಿ ಗಾಡಿ ದಾಟಿ ಹೋಗಿರುತ್ತದೆ, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಇಳಿಸದೆ ಹೋದನೋ, ಕೆಟ್ಟ. "ಗ್ಲಾಸು ಏರಿಸ್ಕೊಂಡು ಹೋದ" ಅನ್ನುವ ಮಾತು ಅಲ್ಲಿ ಬರೀ ವರದಿಯಲ್ಲ, ತೀರ್ಪು. ಒಬ್ಬ ಮನುಷ್ಯನ ಬಗ್ಗೆ ಅದನ್ನು ಮೂರು ಜನ ಅಂದರೆ, ಅವನ ಮನೆಯ ಕಾರ್ಯಕ್ಕೆ ಕುರ್ಚಿ ಹಾಕಲು ಜನ ಸಿಗುವುದಿಲ್ಲ.

ಮುನಿವೆಂಕಟಪ್ಪನ ತೋಟದ ಮನೆ ಕೆಂಚಾರ್ಲಹಳ್ಳಿಯಿಂದ ಮೂರು ಕಿಲೋಮೀಟರ್ ಆಚೆ. ಅವನು ದಿನಾ ಚಿಂತಾಮಣಿಗೆ ಹೋಗಿಬರುತ್ತಿದ್ದ. ಏನು ಕೆಲಸಕ್ಕೆ ಎಂದು ಅವನಿಗೂ ಖಚಿತವಿರಲಿಲ್ಲ. ಸಂಜೆ ವಾಪಸು ಬರುವಾಗ ಕೆಂಚಾರ್ಲಹಳ್ಳಿಯಲ್ಲಿ ರಸ್ತೆಯ ಎಡಕ್ಕೆ ಹಾಲಿನ ಡೈರಿ, ಡೈರಿಯ ಮುಂದೆ ಸಿಮೆಂಟಿನ ಬೆಂಚು, ಬೆಂಚಿನ ಮೇಲೆ ಅವನ ಹೆಂಡತಿ ಚಿಕ್ಕವೆಂಕಟಮ್ಮನ ಅಣ್ಣ ಬಯ್ಯಪ್ಪ. ಹಾಲು ಹಾಕಿ, ಖಾಲಿ ಕ್ಯಾನನ್ನು ಮಂಡಿ ಮೇಲೆ ಇಟ್ಟುಕೊಂಡು, ಕತ್ತಲಾಗುವ ತನಕ ಕೂರುವುದು ಅವನ ದಿನಚರಿ. ಹದಿನಾರು ವರ್ಷ, ಎಡಗಡೆ ಗ್ಲಾಸು ಬಯ್ಯಪ್ಪನ ಮುಂದೆ ಸರ್ರನೆ ಇಳಿಯುತ್ತಿತ್ತು.

"ಏಮಿ ಬಾವಾ, ಇನ್ನೂ ಇಲ್ಲೇ ಇದೀಯಾ?"

"ನೀನು ಇಳಿಸ್ದೆ ಹೋಗ್ತೀಯೇನೋ ಅಂತ ಕಾಯ್ತಿದ್ದೆ ಬಾವ."

ಹೋದ ವೈಶಾಖದಲ್ಲಿ ಒಂದು ದಿನ ಇಳಿಸದೆ ಹೋಗಿದ್ದ.

ಅವತ್ತು ಮಧ್ಯಾಹ್ನ ಚಿಂತಾಮಣಿಯಲ್ಲೇ ಎಡಗಡೆ ಮೋಟರ್ ನಿಂತಿತ್ತು. ಗುಂಡಿ ಒತ್ತಿದರೆ ಬಾಗಿಲೊಳಗೆ ಯಾರೋ ಗಂಟಲು ಸರಿ ಮಾಡಿಕೊಂಡಂತೆ ಒಂದು ಸದ್ದು, ಅಷ್ಟೇ. ಸಂಜೆ ಡೈರಿಯ ಮುಂದೆ ಬಯ್ಯಪ್ಪ ತನ್ನ ಹೊಸ ಬೀಗರನ್ನು ನಿಲ್ಲಿಸಿಕೊಂಡು, "ನಮ್ಮ ಬಾವ ಬರ್ತಾನೆ, ಈಗ ಗ್ಲಾಸು ಇಳಿಸ್ತಾನೆ ನೋಡಿ" ಎಂದು ಹೇಳಿ, ಕೈ ಅಡ್ಡ ಹಿಡಿದ. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಗಾಡಿ ನಿಲ್ಲಿಸಿದರೆ ಇಳಿಯಬೇಕು, ಇಳಿದರೆ ಯಾಕೆ ಇಳಿದೆ ಅಂತ ಹೇಳಬೇಕು. ಮುನಿವೆಂಕಟಪ್ಪ ಒಳಗಿನಿಂದಲೇ ನಕ್ಕು, ಕೈಯೆತ್ತಿ, ಹೊರಟುಬಿಟ್ಟ. ಇಳಿಬಿಸಿಲು ಗ್ಲಾಸಿಗೆ ಹೊಡೆಯುತ್ತಿತ್ತು. ನಗುವಾಗಲಿ ಕೈಯಾಗಲಿ ಹೊರಗೆ ಕಾಣಲಿಲ್ಲ. ಬಯ್ಯಪ್ಪನಿಗೆ ಕಂಡದ್ದು ಗ್ಲಾಸಿನಲ್ಲಿ ತನ್ನದೇ ಮುಖ, ಅದೂ ಹಲ್ಲು ಕಿರಿದಿದ್ದು.

ಮಾರನೆಯ ದಿನ ಹೋಗಿ "ಗ್ಲಾಸು ಕೆಟ್ಟಿತ್ತು ಬಾವ" ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೇರೆ ಯಾರ ಮುಂದಾದರೂ ಅನ್ನಬಹುದು, ಬಯ್ಯಪ್ಪನ ಮುಂದೆ ಹೇಗೆ ಅನ್ನುವುದು? ಆರು ವರ್ಷದ ಹಿಂದೆ ಬಯ್ಯಪ್ಪ ಒಂದು ಕಾರು ಕೊಂಡು, ಅದು ತಿಂಗಳಿಗೊಮ್ಮೆ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬರುತ್ತಿದ್ದ ಕಾಲದಲ್ಲಿ, ಮುನಿವೆಂಕಟಪ್ಪ ಗ್ಲಾಸು ಇಳಿಸಿ ಕೇಳುತ್ತಿದ್ದ: "ಬಾವ, ಈಗ ಇದು ಮೈಲೇಜು ಎಷ್ಟು ಕೊಡ್ತದೆ, ಟ್ರ್ಯಾಕ್ಟರ್ ಡೀಸೆಲ್‌ಗೆ?" ಬಯ್ಯಪ್ಪ ಕಾರು ಮಾರಿದ್ದು ಕಾರಿನ ಕಾಟಕ್ಕಲ್ಲ, ಈ ಪ್ರಶ್ನೆಯ ಕಾಟಕ್ಕೆ. ಅಂಥವನ ಮುಂದೆ ಹೋಗಿ ನಂದೂ ಕೆಟ್ಟಿದೆ ಅನ್ನುವುದಕ್ಕಿಂತ, ಗಾಡಿ ಸರಿಯಾಗಿದೆ, ನಾನೇ ಕೆಟ್ಟೋನು ಅನ್ನಿಸಿಕೊಳ್ಳುವುದು ಮುನಿವೆಂಕಟಪ್ಪನಿಗೆ ಹಗುರವಾಗಿ ಕಂಡಿತು.

ಹಾಗೇ ಅನ್ನಿಸಿಕೊಂಡ. ಬಿರುಬಿಸಿಲಲ್ಲಿ, ಎಸಿ ಇಲ್ಲದ ಗಾಡಿಯಲ್ಲಿ, ಎಡಗಡೆ ಗ್ಲಾಸು ಮುಚ್ಚಿಕೊಂಡು, ಇಡ್ಲಿ ಪಾತ್ರೆಯಲ್ಲಿ ಕೂತವನ ಹಾಗೆ ಬೆವರುತ್ತ ಅವನು ಡೈರಿ ದಾಟುತ್ತಿದ್ದ. ಬೆಂಚಿನವರು "ಎಸಿ ಹಾಕ್ಕೊಂಡು ತಣ್ಣಗೆ ಹೋಗ್ತಾನೆ ನೋಡು" ಅನ್ನುತ್ತಿದ್ದರು. ದಸರಾ ಹೊತ್ತಿಗೆ ಬಲಗಡೆ ಮೋಟರೂ ನಿಂತಿತು.

ಪುಷ್ಯ ಮಾಸ ಬಂತು, ಅವರೆಕಾಯಿ ಬರಲಿಲ್ಲ.

ಇದು ಸಣ್ಣ ವಿಷಯವಲ್ಲ. ಚಿಕ್ಕವೆಂಕಟಮ್ಮ ಮದುವೆಯಾಗಿ ಬಂದಾಗಿನಿಂದ, ಮಂಜು ಬಿದ್ದು ಕಾಯಿಗೆ ಸೊಗಡಿನ ಘಮ ಹತ್ತಿದ ಮೊದಲ ವಾರವೇ ಅಣ್ಣನ ಹೊಲದಿಂದ ಒಂದು ಮೂಟೆ ಅವರೆಕಾಯಿ ಬರುತ್ತಿತ್ತು. ಸಂಕ್ರಾಂತಿಗೆ ಹಿತಕಿದ ಬೇಳೆ ಸಾರು ಆ ಅವರೆಯದ್ದೇ. ಈ ಸಲ ಅವಳು ಚಿಂತಾಮಣಿ ಮಾರ್ಕೆಟ್ಟಿನಿಂದ ಒಂದು ಚೀಲ ತರಿಸಿ, ನಡುಮನೆಯಲ್ಲಿ ಸುರಿದುಕೊಂಡು, ಒಂದು ಕಾಯಿ ಎತ್ತಿ ಮೂಸಿ, ಕೆಳಗೆ ಹಾಕಿದಳು.

"ತವರು ಇದ್ದೂ ಮಾರ್ಕೆಟ್ ಅವರೆ ತಿನ್ನೋ ಹಂಗೆ ಮಾಡಿದ್ರಿ. ಇದ್ರಾಗೆ ಸೊಗಡೂ ಇಲ್ಲ, ಏನೂ ಇಲ್ಲ. ಬರೀ ಕಾಯಿ."

"ನಾನೇನ್ ಮಾಡ್ದೆ?"

"ಏನೂ ಮಾಡ್ಲಿಲ್ಲ. ಅದಕ್ಕೇ ಹೇಳ್ತಿರೋದು. ಹಿಂದಿನ ಗ್ಲಾಸು ನೋಡ್ರಿ, ಕೈಯಲ್ಲಿ ತಿರುಗ್ಸೋದು, ಹದಿನೇಳು ವರ್ಷಕ್ಕೂ ಏನೂ ಆಗಿಲ್ಲ. ನಿಮ್ಮ ಗುಂಡಿ ಗ್ಲಾಸಿಗೆ ನಮ್ಮಣ್ಣ ದೂರ ಆದ."

ಮುನಿವೆಂಕಟಪ್ಪ ಹಿಂದಿನ ಗ್ಲಾಸಿನ ಮಾತು ಕೇಳದವನ ಹಾಗೆ ಒಂದು ಕಾಯಿ ಎತ್ತಿ ಸುಲಿಯತೊಡಗಿದ.

"ಯಾರಿಗೂ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ರಿ, ಬಾಯಿ ಮುಚ್ಕೊಂಡಿದೀನಿ," ಎಂದಳು ಅವಳು. "ಸಂಕ್ರಾಂತಿವರ್ಗೂ ನೋಡ್ತೀನಿ. ಆಮೇಲೆ ಆಣೆ ಹೋದ್ರೆ ಹೋಗ್ಲಿ, ಬಸ್ ಹತ್ತಿ ಹೋಗಿ ಅಣ್ಣನ ಮುಂದೆ ಎಲ್ಲಾ ಹೇಳ್ತೀನಿ. ಮೋಟರ್ದೂ ಹೇಳ್ತೀನಿ, ಎಸಿದೂ ಹೇಳ್ತೀನಿ, ಹುಣಸೆಮರದ ನೆರಳಿಂದೂ ಹೇಳ್ತೀನಿ."

ಸಂಕ್ರಾಂತಿಗೆ ನಾಲ್ಕು ದಿನ ಇತ್ತು.

ಚಿಂತಾಮಣಿಯಲ್ಲಿ ರಿಪೇರಿ ಮಾಡಿಸುವಂತಿರಲಿಲ್ಲ. ಅಲ್ಲಿನ ಪ್ರತಿ ಶೆಡ್ಡಿನಲ್ಲೂ ಬಯ್ಯಪ್ಪನ ಕಾರು ಒಂದಲ್ಲ ಒಂದು ಕಾಲದಲ್ಲಿ ನಿಂತದ್ದೇ. ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ಟಿನ ಪರಿಚಯದವರು. ಚಿಕ್ಕಬಳ್ಳಾಪುರದಲ್ಲಿ ನೆಂಟರು. ಮುನಿವೆಂಕಟಪ್ಪ ಲೆಕ್ಕ ಹಾಕಿ, ತನ್ನನ್ನು ಯಾರೂ ಅರಿಯದ ಊರು ಗೌರಿಬಿದನೂರು ಎಂದು ತೀರ್ಮಾನಿಸಿದ. ಬೆಳಗಿನ ಮಂಜಿನಲ್ಲಿ ಹೊರಟ. ಎರಡು ಕಿಟಕಿ ಇಳಿಸಲು ಮೂರು ತಾಲ್ಲೂಕು ದಾಟಿದ ಮನುಷ್ಯ ಆ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಾರ.

ಚಿಕ್ಕಬಳ್ಳಾಪುರದ ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ಗ್ಲಾಸು ತಟ್ಟಿದರು. "ಅಂಕಲ್, ಸ್ಕಂದಗಿರಿ ಯಾವ ಕಡೆ?" ಎಂದು ಬಾಯಾಡಿಸಿದ್ದು ಕಂಡಿತು. ದಾರಿ ಹೇಳುವುದೆಂದರೆ ಮುನಿವೆಂಕಟಪ್ಪನಿಗೆ ಪ್ರಾಣ. ಯಾವ ತಿರುವು, ಎಲ್ಲಿ ಟೀ ಚೆನ್ನಾಗಿರುತ್ತದೆ, ಎಲ್ಲಿ ಜಾರುತ್ತದೆ, ಎಲ್ಲ ಸೇರಿಸಿ ಹೇಳುತ್ತಿದ್ದ. ಬಾಗಿಲು ತೆರೆಯುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಹುಡುಗರು ಪಕ್ಕದ ಆಟೋದವನನ್ನು ಕೇಳಿಕೊಂಡು ಹೋದರು. "ಎಡಕ್ಕೆ ಹೋಗ್ಬೇಡ್ರೋ" ಎಂದು ಅವನು ಗ್ಲಾಸಿನೊಳಗೆ ಕೂಗಿದ. ಅವರು ಎಡಕ್ಕೇ ಹೋದರು.

ಗೌರಿಬಿದನೂರಿನ ಬೈಪಾಸಿನಲ್ಲಿ ಆವುಲಪ್ಪನ ಶೆಡ್ಡು. ಬೋರ್ಡಿನ ಮೇಲೆ ಬರೀ ಒಂದು ಸಾಲು: ಪವರ್ ವಿಂಡೋ, ಬಾಗಿಲ ಕೆಲಸ. ಆವುಲಪ್ಪ ಐವತ್ತು ದಾಟಿದ, ತೊಂಡೇಬಾವಿ ಕಡೆಯ ಮನುಷ್ಯ. ಇಂಜಿನ್ ಮುಟ್ಟುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ. ಬಾಗಿಲೊಳಗೆ ಇರುವುದಷ್ಟೇ ಅವನ ಸೀಮೆ. ಆ ಸೀಮೆಯಲ್ಲಿ ಅವನು ಪಾಳೆಗಾರ.

"ಗಾಡಿ ಕೆಟ್ಟಿಲ್ಲ," ಎಂದ ಮುನಿವೆಂಕಟಪ್ಪ ಮೊದಲಿಗೇ. "ಗ್ಲಾಸು ಇಳೀತಿಲ್ಲ, ಅಷ್ಟೇ."

"ಸರಿ ಯಜಮಾನ್ರೇ. ನಾನೂ ಮೆಕ್ಯಾನಿಕ್ ಅಲ್ಲ, ಕಾಫಿ ಕುಡಿಯೋಕೆ ಬಂದೋನು," ಎಂದು ಆವುಲಪ್ಪ ಸ್ಕ್ರೂ ಡ್ರೈವರ್ ತೆಗೆದ.

ಅವನು ಮೊದಲು ಗ್ಲಾಸಿಗೆ ಅಡ್ಡಲಾಗಿ ಟೇಪು ಹಚ್ಚಿ, ಅದು ಒಳಗೆ ಬೀಳದ ಹಾಗೆ ಬಾಗಿಲ ನೆತ್ತಿಗೆ ಬಿಗಿದ. ಹಿಡಿಯ ಹಿಂದಿನ ಸ್ಕ್ರೂ ಬಿಚ್ಚಿದ. ಆಮೇಲೆ ಬಾಗಿಲ ಒಳಹೊದಿಕೆಯ ಅಂಚಿಗೆ ಬೆರಳು ತೂರಿಸಿ, ಹಲಸಿನ ತೊಳೆ ಬಿಡಿಸುವವನ ಹಾಗೆ ಒಂದೊಂದೇ ಕ್ಲಿಪ್ಪು ಎಬ್ಬಿಸಿದ. ಹದಿನೇಳು ವರ್ಷದ ಕ್ಲಿಪ್ಪುಗಳಲ್ಲಿ ಒಂದೂ ಮುರಿಯಲಿಲ್ಲ. ಮುನಿವೆಂಕಟಪ್ಪನಿಗೆ ಅವನ ಮೇಲೆ ಗೌರವ ಹುಟ್ಟಿತು.

ಬ್ಯಾಟರಿಯಿಂದ ನೇರ ಎರಡು ವೈರು ಎಳೆದು ಮೋಟರಿಗೆ ಮುಟ್ಟಿಸಿದ. ಅದೇ ಗಂಟಲು ಸರಿಮಾಡುವ ಸದ್ದು.

"ಸ್ವಿಚ್ಚು ಚೆನ್ನಾಗಿದೆ. ಮೋಟರೇ ಹೋಗಿದೆ. ಎರಡೂ ಹೊಸವು ಹಾಕ್ಬೇಕು."

"ಹಳೇದಕ್ಕೇ ತಂತಿ ಸುತ್ತಿಸಿ ರೀವೈಂಡಿಂಗ್ ಮಾಡಿಸಿದ್ರೆ?"

ಆವುಲಪ್ಪ ಕತ್ತೆತ್ತಿ ಅವನನ್ನು ನೋಡಿದ. "ಯಾವ ತಾಲ್ಲೂಕು ನಿಮ್ದು? ಚಿಂತಾಮಣೀನಾ? ಅಂದ್ಕೊಂಡೆ. ಎಲ್ಲಾ ಬೋರ್‌ವೆಲ್ ಮೋಟರ್ ಅಂದ್ಕೋತೀರ. ಇದು ಅಂಗೈಯಷ್ಟಿದೆ ಯಜಮಾನ್ರೇ, ಇದಕ್ಕೆ ವೈಂಡಿಂಗ್ ಮಾಡೋಕೆ ಗುಬ್ಬಚ್ಚೀನ ಕರೀಬೇಕು."

ಬಲಗಡೆಯದು ಬಿಚ್ಚಿ ಪಕ್ಕಕ್ಕಿಟ್ಟ. "ಇದು ಮಾಮೂಲಿ ಸಾವು," ಎಂದ. ಎಡಗಡೆಯದು ಬಿಚ್ಚಿ, ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ.

"ಯಾವುದು ಮೊದಲು ಹೋಗಿದ್ದು?"

"ಎಡಗಡೇದು."

"ನಿಜಾನಾ?"

"ಸುಳ್ಳು ಹೇಳೋಕೆ ಇಷ್ಟು ದೂರ ಬರ್ಲಾ?"

ಆವುಲಪ್ಪ ಸ್ಟೂಲು ಎಳೆದು ಕೂತ. "ಇಪ್ಪತ್ತೆರಡು ವರ್ಷದಿಂದ ಬಾಗಿಲು ಬಿಚ್ತಿದೀನಿ ಸ್ವಾಮಿ. ಡ್ರೈವರ್ ಕಡೇದು ಮೊದಲು ಹೋಗ್ತದೆ. ಯಾವಾಗ್ಲೂ. ತನ್ನ ಗಾಳಿಗೆ ತಾನು ಇಳಿಸ್ಕೋತಾನಲ್ಲ. ಎಡಗಡೇದು ಕೆಲವು ಗಾಡೀಲಿ ಹೊಸ ಥರಾನೇ ಇರ್ತದೆ. ನೀರು ಕುಡ್ದು, ತುಕ್ಕು ಹಿಡ್ದು, ಕೂತು ಕೆಟ್ಟಿರ್ತದೆ. ಆ ಕಡೆ ಯಾರನ್ನೂ ಮಾತಾಡ್ಸಲ್ಲ ಅವರು." ಮೋಟರಿನೊಳಗೆ ಬೆರಳು ತೋರಿಸಿದ. "ಇಲ್ಲಿ ಕಾರ್ಬನ್ ನೋಡಿ, ಮೋಟರ್ ತಿರುಗ್ದಂಗೆಲ್ಲಾ ಉಜ್ಜಿ ಸವೆಯೋ ತುಂಡು. ಇಷ್ಟುದ್ದ ಇರ್ಬೇಕಾದ್ದು, ಅಕ್ಕಿ ಕಾಳಷ್ಟಿದೆ. ತಾಮ್ರದಲ್ಲಿ ಗೆರೆ ಕೊರ್ದಿದೆ. ಒಂದು ಚೂರು ತುಕ್ಕಿಲ್ಲ. ಇದು ಕೆಟ್ಟಿದ್ದಲ್ಲ, ದುಡಿದು ಸತ್ತಿದ್ದು. ನೀವು ದಾರೀಲಿ ಸಿಕ್ಕೋರನ್ನೆಲ್ಲಾ ಮಾತಾಡ್ಸ್ಕೊಂಡು ಹೋಗೋ ಮನುಷ್ಯರು. ಹೌದೋ ಅಲ್ವೋ?"

ಎಂಟು ತಿಂಗಳಿಂದ ಮುನಿವೆಂಕಟಪ್ಪನ ಬಗ್ಗೆ ಯಾರೂ ಅನ್ನದ ಮಾತನ್ನು, ಅವನ ಹೆಸರೂ ಕೇಳದ ಮನುಷ್ಯ, ಅವನ ಬಾಗಿಲೊಳಗೆ ನೋಡಿ ಅಂದಿದ್ದ.

"ಹೌದು," ಎಂದ. ಟವೆಲಿನಿಂದ ಮುಖ ಒರೆಸಿಕೊಂಡ. ಸೆಕೆಯಿರಲಿಲ್ಲ.

ಹೊಸ ಮೋಟರುಗಳನ್ನು ಆವುಲಪ್ಪ ಗ್ಲಾಸು ಎತ್ತುವ ಕಬ್ಬಿಣದ ತೋಳಿಗೆ ಕೂರಿಸಿ, ಜಾಡಿನ ಹಳೇ ಧೂಳು ತೆಗೆದು, ಗ್ರೀಸ್ ಸವರಿ, ಹೊದಿಕೆ ಮುಚ್ಚುವ ಮೊದಲೇ ಹತ್ತು ಸಲ ಇಳಿಸಿ ಏರಿಸಿದ. ಕಣ್ಣು ಮುಚ್ಚಿಕೊಂಡು ಕೇಳಿದ. "ಸದ್ದು ಬರಬಾರ್ದು ಅಂತಲ್ಲ. ಮೇಲಿಂದ ಕೆಳಗಿನವರ್ಗೂ ಒಂದೇ ಸದ್ದು ಬರ್ಬೇಕು," ಎಂದು, ಒಂದು ಬೋಲ್ಟು ಕಾಲು ಸುತ್ತು ಸಡಿಲಿಸಿ, ಮತ್ತೆ ಕೇಳಿ, ತಲೆಯಾಡಿಸಿದ. ಸತ್ತ ಎರಡು ಮೋಟರನ್ನು ಗುಜರಿ ಡಬ್ಬಕ್ಕೆ ಹಾಕಲು ಹೋದಾಗ, ದಾರಿಯ ಯಾವುದೋ ಕೆರೆಗೆ ಎಸೆದು ಸಾಕ್ಷಿ ಅಳಿಸಬೇಕೆಂದು ಬೆಳಗ್ಗೆ ಯೋಚಿಸಿದ್ದ ಮುನಿವೆಂಕಟಪ್ಪ, ಕೈ ಚಾಚಿ ಎಡಗಡೆಯದನ್ನು ಕೇಳಿ ಪಡೆದ.

ವಾಪಸು ಬರುವಾಗ ಅವನು ಎರಡೂ ಗ್ಲಾಸು ಇಳಿಸಿಕೊಂಡೇ ಬಂದ. ಗಾಳಿ ಚಳಿಗಾಲದ್ದು, ಕಿವಿ ಕೊರೆಯುತ್ತಿತ್ತು, ಆದರೂ ಏರಿಸಲಿಲ್ಲ. ಮಂಚೇನಹಳ್ಳಿಯಲ್ಲಿ ಗುರುತೇ ಇಲ್ಲದ ಒಬ್ಬ ಮುದುಕನನ್ನು "ಊಟ ಆಯ್ತಾ?" ಅಂದ. ಶಿಡ್ಲಘಟ್ಟ ದಾಟುವ ಹೊತ್ತಿಗೆ ಮಾತ್ರ ಒಂದು ಯೋಚನೆ ಬಂದು ಅವನ ಕಾಲು ಆಕ್ಸಿಲರೇಟರ್ ಮೇಲೆ ಸಡಿಲವಾಯಿತು.

ಡೈರಿಯ ಮುಂದೆ ಈಗ ಏನೂ ಆಗದವನ ಹಾಗೆ ಗ್ಲಾಸು ಇಳಿಸಿದ ಅಂತಿಟ್ಟುಕೊಳ್ಳಿ. ಗಾಡಿಯ ಮಾನ ಉಳಿಯುತ್ತದೆ. ಆದರೆ ಬಯ್ಯಪ್ಪ ಏನೆಂದುಕೊಳ್ಳುತ್ತಾನೆ? ಇಷ್ಟು ದಿನವೂ ಇಳಿಸಬಹುದಾಗಿತ್ತು, ಬೇಕಂತಲೇ ಇಳಿಸಲಿಲ್ಲ. ಈಗ ಅವರೆಕಾಯಿ ನಿಂತ ಮೇಲೆ ಇಳಿಸಿದ. ಹಾಗಲ್ಲ ಅನ್ನಬೇಕಾದರೆ ಮೋಟರ್ ತೋರಿಸಬೇಕು. ಮೋಟರ್ ತೋರಿಸಿದರೆ ಹದಿನೇಳು ವರ್ಷದ ಮಾತು ಹೋಯಿತು. ಗಾಡಿ ಉಳಿಸಿಕೊಳ್ಳುವುದೋ, ಬಾವನನ್ನು ಉಳಿಸಿಕೊಳ್ಳುವುದೋ? ಪಕ್ಕದ ಸೀಟಿನ ಮೇಲೆ ಟವೆಲಿನಲ್ಲಿ ಸುತ್ತಿದ ಮೋಟರ್ ತಿರುವಿನಲ್ಲೆಲ್ಲ ಅತ್ತಿತ್ತ ಉರುಳುತ್ತಿತ್ತು.

ಕೆಂಚಾರ್ಲಹಳ್ಳಿಗೆ ಬಂದಾಗ ಹಾಲಿನ ಹೊತ್ತು. ಊರ ಅಂಚಿನಲ್ಲಿ ನಿಲ್ಲಿಸಿ, ಮುನಿವೆಂಕಟಪ್ಪ ಎಡಗಡೆ ಗ್ಲಾಸು ಪೂರಾ ಏರಿಸಿದ. ಇಳಿಸಬೇಕಾದರೆ ಅವರ ಕಣ್ಣೆದುರೇ ಇಳಿಸಬೇಕು. ಬೆಂಚಿನ ಮೇಲೆ ಬಯ್ಯಪ್ಪ, ಪಕ್ಕದಲ್ಲಿ ಹಾಲು ಅಳೆಯುವ ಮುನಿಶಾಮಿ, ಇನ್ನೂ ಮೂರು ನಾಲ್ಕು ಜನ. ಗಾಡಿ ನಿಧಾನವಾಯಿತು. ಗ್ಲಾಸು ಮೇಲಿನಿಂದ ಕೆಳಗಿನವರೆಗೆ ಒಂದೇ ಸದ್ದಿನಲ್ಲಿ ಇಳಿಯಿತು.

ಬಯ್ಯಪ್ಪ ಎದುರಿಗೆ ಕಟ್ಟಿದ್ದ ಎಮ್ಮೆಯ ಕಡೆ ಮುಖ ತಿರುಗಿಸಿ, ಎಮ್ಮೆಗೆ ಹೇಳುವವನ ಹಾಗೆ ಅಂದ: "ಯಜಮಾನ್ರ ಎಸಿ ಕೆಟ್ಟೋಯ್ತೇನೋ ಪಾಪ. ಗ್ಲಾಸು ಇಳ್ಸವ್ರೆ."

ಬೆಂಚು ನಕ್ಕಿತು. ಮುನಿವೆಂಕಟಪ್ಪ ಗಾಡಿ ಪಕ್ಕಕ್ಕೆ ನಿಲ್ಲಿಸಿದ. ಟವೆಲ್ ಗಂಟು ಎತ್ತಿಕೊಂಡು ಇಳಿದು ಬಂದ.

"ಎಸಿ ಕೆಟ್ಟು ಮೂರು ವರ್ಷ ಆಯ್ತು ಬಾವ," ಎಂದ, ಎಲ್ಲರಿಗೂ ಕೇಳುವ ಹಾಗೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಉಳಿದದ್ದು ಸರಾಗವಾಗಿ ಬಂತು. "ಗ್ಲಾಸು ಕೆಟ್ಟು ಎಂಟು ತಿಂಗಳು. ರೇಡಿಯೇಟರ್ ಒಡ್ದಿತ್ತು, ಹುಣಸೆಮರದ ಹತ್ರ. ಕ್ಲಚ್ಚು ಎರಡು ಸಲ." ಟವೆಲ್ ಬಿಚ್ಚಿ ಮೋಟರನ್ನು ಬಯ್ಯಪ್ಪನ ಕ್ಯಾನಿನ ಮುಚ್ಚಳದ ಮೇಲೆ ಇಟ್ಟ. "ಇದು ಎಡಗಡೇದು."

ಬಯ್ಯಪ್ಪ ಎಮ್ಮೆಯನ್ನು ಬಿಟ್ಟು ಮೋಟರನ್ನು ನೋಡಿದ. ಅವನೂ ನಾಲ್ಕು ಬೋರ್‌ವೆಲ್ಲಿನ ಒಡೆಯ. ಕಾರ್ಬನ್ ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡಕ ಹಾಕಿಕೊಂಡು, ಮೋಟರನ್ನು ಬೆಳಕಿಗೆ ಹಿಡಿದು, ಗೌರಿಬಿದನೂರಿನ ಆವುಲಪ್ಪ ನೋಡಿದಷ್ಟೇ ಹೊತ್ತು ನೋಡಿದ.

"ಏಂದಿದು, ಕಾರ್ಬನ್ನೇ ಇಲ್ವಲ್ಲ ಬಾವ! ಇಷ್ಟು ಸವೆಯೋವರ್ಗೂ ಯಾರನ್ನ ಮಾತಾಡ್ಸಿದೆ?"

"ಎಡಗಡೆ ಯಾರು ಕೂತಿರ್ತಾರೋ ಅವರನ್ನ. ಹದಿನಾರು ವರ್ಷ. ದಿನಾ ಇದೇ ಹೊತ್ತಿಗೆ."

ಮುನಿಶಾಮಿ ಅಳತೆ ಪಾತ್ರೆಯಲ್ಲಿ ಹಾಲು ಎತ್ತಿದವನು ಸುರಿಯುವುದನ್ನು ಮರೆತ.

"ಕೆಟ್ಟಿದೆ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು?"

"ಹೇಳಿದ್ರೆ ನೀನು ಟ್ರ್ಯಾಕ್ಟರ್ ವಿಷಯ ತೆಗೀತಿದ್ದೆ."

"ತೆಗೀದೆ ಬಿಡ್ತೀನಾ?" ಎಂದ ಬಯ್ಯಪ್ಪ. ಆಮೇಲೆ ಮೋಟರನ್ನು ಜೋಪಾನವಾಗಿ ಮುನಿಶಾಮಿಯ ಕೈಗೆ ಕೊಟ್ಟು, ಕ್ಯಾನು ಎತ್ತಿಕೊಂಡು ಎದ್ದು, ಗಾಡಿಯ ಎಡಗಡೆ ಬಾಗಿಲು ತೆಗೆದು ಕೂತುಬಿಟ್ಟ. ಗುಂಡಿ ಒತ್ತಿದ. ಗ್ಲಾಸು ಏರಿತು. ಒತ್ತಿದ. ಇಳಿಯಿತು. "ನಡಿ ಬಾವ, ಹೊಲದ ಕಡೆ ಹೋಗಣ. ನಾಲ್ಕು ಸಾಲು ಅವರೆ ಹಾಗೇ ಬಿಟ್ಟಿದೀನಿ. ಒಣಗಿದ್ರೆ ಒಣಗ್ಲಿ, ಬೇರೆಯವರು ಕೀಳಬಾರ್ದು ಅಂತ ಹೇಳಿದ್ದೆ. ಇನ್ನೂ ಒಣಗಿಲ್ಲ."

ಅವತ್ತು ಕೆಂಚಾರ್ಲಹಳ್ಳಿಯ ಬೀದಿಯಲ್ಲಿ ಗಾಡಿ ನಡೆಯುವವನ ವೇಗಕ್ಕೆ ಹೋಯಿತು. ಪ್ರತಿ ಮನೆ ಮುಂದೆ ಬಯ್ಯಪ್ಪ ಗ್ಲಾಸು ಏರಿಸುವುದು, ಇಳಿಸುವುದು, "ಊಟ ಆಯ್ತಾ?" ಅನ್ನುವುದು. ಹೊತ್ತು ಇನ್ನೂ ಮುಳುಗಿರಲಿಲ್ಲ, ಯಾರದೂ ಊಟ ಆಗಿರಲಿಲ್ಲ. ಹೊಸ ಮೋಟರ್ ಮೊದಲ ದಿನವೇ ಒಂದು ತಿಂಗಳ ಕೆಲಸ ಮಾಡಿತು.

ಹಳೆಯ ಮೋಟರನ್ನು ಬಯ್ಯಪ್ಪ ವಾಪಸು ಕೊಡಲಿಲ್ಲ. ಅದು ಈಗ ಡೈರಿಯೊಳಗೆ, ಹಾಲಿನ ರಿಜಿಸ್ಟರ್ ಇಡುವ ಗೂಡಿನಲ್ಲಿದೆ. ಹೊಸಬರು ಬಂದರೆ ಇಳಿಸಿ ತೋರಿಸುತ್ತಾನೆ. "ನೋಡಿ, ಇದು ನಮ್ಮ ಬಾವ ನನ್ನ ಮಾತಾಡ್ಸಿ ಮಾತಾಡ್ಸಿ ಸವೆಸಿದ್ದು. ನಿಮ್ಮ ಬಾವಂದಿರು ಏನಾದ್ರೂ ಸವೆಸವ್ರಾ?"

ಸಂಕ್ರಾಂತಿಯ ಹಿಂದಿನ ದಿನ ಚಿಕ್ಕವೆಂಕಟಮ್ಮ ಜಗುಲಿಯಲ್ಲಿ ನೆನೆಸಿದ ಅವರೆ ಹಿತಕುತ್ತಿದ್ದಳು. ಬೆರಳ ತುದಿಯಿಂದ ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತಿತ್ತು, ಮನೆಯೆಲ್ಲ ಸೊಗಡು. ಮುನಿವೆಂಕಟಪ್ಪ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದ. ಅವಳು ಸಂತೋಷದಲ್ಲಿದ್ದಳು, ಆದ್ದರಿಂದ ಸುಮ್ಮನಿರಲಾಗಲಿಲ್ಲ.

"ಏನೇ ಅನ್ನಿ, ಹಿಂದಿನ ಗ್ಲಾಸೇ ಮೇಲು. ಹದಿನೇಳು ವರ್ಷಕ್ಕೂ ಏನೂ ಆಗಿಲ್ಲ."

ಮುನಿವೆಂಕಟಪ್ಪ ಒರೆಸುವುದನ್ನು ನಿಲ್ಲಿಸಿ, ಹಿಂದಿನ ಗ್ಲಾಸನ್ನು ಒಮ್ಮೆ ನೋಡಿ, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಅದು ಯಾರನ್ನ ಮಾತಾಡ್ಸಿದೆ ಹೇಳು."